ಮಳೆ ಬೀಳುವ ಊರಿನಲ್ಲಿ ಮನೆ ಸ್ಟುಡಿಯೊ

ಪ್ರಶ್ನೆ: ನಾನು ಕಾಸರಗೋಡಿನ ಪೆರ್ಲದ ಹತ್ತಿರದವಳು, ಕನ್ನಡ ಶಾಲೆಯಲ್ಲಿ ಟೀಚರ್. ಅಪ್ಪ ಯಕ್ಷಗಾನದ ಪದ್ಯ ಹಾಡುವ ಹವ್ಯಾಸಿ ಭಾಗವತರು, ವಯಸ್ಸು ಎಪ್ಪತ್ತು ದಾಟಿದೆ. ಅವರ ಪದ್ಯಗಳನ್ನು ಮತ್ತು ನಮ್ಮ ಮನೆಯಲ್ಲಿ ಆಗಾಗ ನಡೆಯುವ ತಾಳಮದ್ದಳೆಯನ್ನು (ವೇಷ, ಕುಣಿತ ಇಲ್ಲದೆ ಕೂತು ಪದ್ಯ ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ) ಒಳ್ಳೆಯ ರೀತಿಯಲ್ಲಿ ರೆಕಾರ್ಡ್ ಮಾಡಿಡಬೇಕು ಅಂತ ಆಸೆ. ಲ್ಯಾಪ್‌ಟಾಪ್ ಇದೆ. ಟೆರೇಸಿನ ಮೇಲೆ ಶೀಟು ಹಾಕಿದ ಒಂದು ಖಾಲಿ ಕೋಣೆಯೂ ಇದೆ. ಕಳೆದ ವರ್ಷ ಒಂದು ಕಂಡೆನ್ಸರ್ ಮೈಕ್ ತಂದೆವು. ಜೋರು ಮಳೆಯ ಆಟಿ ತಿಂಗಳಲ್ಲಿ ಅದು ಚಟಪಟ ಎನ್ನಲು ಶುರುಮಾಡಿತು. ಇದನ್ನು ರಿಪೇರಿಗೆ ಕೊಡಬೇಕಾ, ಹೊಸತು ತೆಗೆದುಕೊಳ್ಳಬೇಕಾ? ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸಾಕಾ? 60,000 ರೂಪಾಯಿಯೊಳಗೆ ಏನೆಲ್ಲ ಮಾಡಬಹುದು?

ಉತ್ತರ: ಮೈಕನ್ನು ಈಗಲೇ ಎಲ್ಲಿಗೂ ಕೊಡಬೇಡಿ. ಬಹುಶಃ ಅದಕ್ಕೆ ಏನೂ ಆಗಿಲ್ಲ, ತೇವ ಕುಡಿದಿದೆ ಅಷ್ಟೆ.

ಕಂಡೆನ್ಸರ್ ಮೈಕಿನ ಒಳಗೆ ಚಿನ್ನದ ಲೇಪವಿರುವ ಒಂದು ತೆಳು ಪೊರೆ ಇರುತ್ತದೆ. ದಪ್ಪ ಕೆಲವೇ ಮೈಕ್ರಾನ್. ಅದರ ಹಿಂದೆ ಸ್ವಲ್ಪವೇ ಅಂತರ ಬಿಟ್ಟು ಲೋಹದ ಒಂದು ತಟ್ಟೆ. ಎರಡರ ನಡುವೆ ವಿದ್ಯುತ್ತಿನ ಚಾರ್ಜ್ ನಿಂತಿರಬೇಕು. ಗಾಳಿಯ ತೇವ ಅಲ್ಲಿ ಕೂತರೆ ಆ ಚಾರ್ಜ್ ಸೋರತೊಡಗುತ್ತದೆ. ನಿಮಗೆ ಕೇಳಿದ ಚಟಪಟ ಅದೇ. ಒಣಗಿದರೆ ಹೆಚ್ಚಿನ ಸಲ ಸರಿಯಾಗುತ್ತದೆ. ಆದರೆ ಮಳೆಗಾಲ ಪೂರ್ತಿ ಹಾಗೇ ಬಿಟ್ಟರೆ ಪೊರೆಯ ಮೇಲೆ ಬೂಸ್ಟು ಹಿಡಿಯುತ್ತದೆ. ಆಮೇಲೆ ಅದನ್ನು ಮನೆಯಲ್ಲಿ ಒರೆಸಿ ತೆಗೆಯಲು ಆಗುವುದಿಲ್ಲ. ಒರೆಸಲು ಹೋದರೆ ಪೊರೆಯೇ ಹೋಗುತ್ತದೆ.

ನಮ್ಮಲ್ಲಿ ಹಲಸಿನ ಹಪ್ಪಳವನ್ನು ಬೇಸಿಗೆಯಲ್ಲಿ ಒಣಗಿಸಿ, ಗಾಳಿ ಆಡದ ಡಬ್ಬಿಯಲ್ಲಿ ತುಂಬಿ, ಮಳೆಗಾಲಕ್ಕೆ ಇಡುತ್ತೇವೆ ಅಲ್ವಾ? ಮೈಕಿಗೂ ಅದೇ ಉಪಚಾರ ಬೇಕು. ರಬ್ಬರ್ ಅಂಚಿನ ಮುಚ್ಚಳ ಇರುವ ಒಂದು ಪ್ಲಾಸ್ಟಿಕ್ ಡಬ್ಬಿ ತನ್ನಿ. ಅದರ ತಳದಲ್ಲಿ ಸಿಲಿಕಾ ಜೆಲ್ ಇಡಿ. ಬಣ್ಣ ಬದಲಾಗುವ ಕಿತ್ತಳೆ ಬಣ್ಣದ್ದು ತೆಗೆದುಕೊಳ್ಳಿ, ನೀಲಿಯದು ಬೇಡ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಅದು ಒಳ್ಳೆಯದಲ್ಲ. ಒಂದು ಚಿಕ್ಕ ತೇವಮಾಪಕವನ್ನೂ ಡಬ್ಬಿಯೊಳಗೆ ಇಡಿ. ಅದು 40ರಿಂದ 50 ಶೇಕಡಾ ತೋರಿಸುತ್ತಿದ್ದರೆ ಮೈಕ್ ಸುಖವಾಗಿದೆ ಎಂದರ್ಥ. ಜೆಲ್ ಬಣ್ಣ ಬದಲಾದಾಗ ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಎರಡು ಗಂಟೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಡುಗೆಯ ಪಾತ್ರೆಯಲ್ಲಿ ಮಾತ್ರ ಮಾಡಬೇಡಿ. ಅಕ್ಕಿಯಲ್ಲಿ ಹುಗಿದಿಡುವುದು ಬೇಡವೇ ಬೇಡ, ಅದರ ಹುಡಿ ಮೈಕಿನ ಜಾಲರಿಯೊಳಗೆ ಹೋಗುತ್ತದೆ. ನಿಮ್ಮ ಮೈಕನ್ನು ಹೀಗೆ ಎರಡು ಮೂರು ದಿನ ಇಟ್ಟು ನೋಡಿ. ಆಮೇಲೂ ಚಟಪಟ ಇದ್ದರೆ ಬೇರೆ ಕೇಬಲ್ ಹಾಕಿ ನೋಡಿ. ಅದಾದ ಮೇಲೆ ರಿಪೇರಿಯ ಮಾತು.

ಮೈಕಿನ ಈ ಕತೆಯನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಕಾಸರಗೋಡಿನಲ್ಲಿ ಸ್ಟುಡಿಯೊ ಮಾಡುವವರು ಹೆಚ್ಚಾಗಿ ಒಣ ಹವೆಯ ಊರಿನವರ ವಿಡಿಯೊ ನೋಡಿ ಸಾಮಾನು ತರುತ್ತಾರೆ. ಯಾವ ಮೈಕ್, ಯಾವ ಸಾಫ್ಟ್‌ವೇರ್ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ರೆಕಾರ್ಡಿಂಗನ್ನು ಕೆಡಿಸುವುದು ಅವು ಯಾವುದೂ ಅಲ್ಲ. ತೇವ, ಮಳೆಯ ಸದ್ದು, ಸರಿ ಇಲ್ಲದ ಅರ್ತಿಂಗ್, ಇವು ಮೂರು. ಇದಕ್ಕೆ ಇನ್ನೊಂದು ಕಷ್ಟ ಸೇರುತ್ತದೆ. ಮೇ ಕೊನೆಯಲ್ಲಿ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆಯೇ ಕಲಾವಿದರು ಕೈಗೆ ಸಿಗುವುದು. ಚೆಂಡೆಯವರು, ಮದ್ದಳೆಯವರು, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಒಟ್ಟಿಗೆ ಕೂರಲು ಪುರುಸೊತ್ತು ಇರುವುದು ಜೂನ್‌ನಿಂದ ಅಕ್ಟೋಬರ್ ತನಕ. ಅಂದರೆ ಅತಿ ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲಿ. ಹಾಗಾಗಿ ನಿಮ್ಮ ಸ್ಟುಡಿಯೊ ಮಳೆಗಾಲದಲ್ಲಿ ಕೆಲಸ ಮಾಡುವಂತೆ ಇರಬೇಕು. ಬೇಸಿಗೆಯಲ್ಲಿ ಎಲ್ಲ ಸ್ಟುಡಿಯೊಗಳೂ ಚಂದವೇ.

ಈ ಲೆಕ್ಕದಲ್ಲಿ ನೋಡಿದರೆ ನಿಮ್ಮ ಟೆರೇಸಿನ ಕೋಣೆ ಮೊದಲೇ ಬಿಟ್ಟುಹೋಯಿತು. ಶೀಟಿನ ಮೇಲೆ ಬೀಳುವ ಮಳೆಯ ಸದ್ದನ್ನು ಕೆಳಗಿನಿಂದ ಏನು ಅಂಟಿಸಿದರೂ ನಿಲ್ಲಿಸಲಾಗದು. ಕೆಳಗಿನ ಅಂತಸ್ತಿನಲ್ಲಿ, ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಇರುವ, ಹೊರಗೋಡೆ ಆದಷ್ಟು ಕಡಿಮೆ ಇರುವ ಒಂದು ಕೋಣೆ ಹುಡುಕಿ. ಮನೆಯ ನಡುವಿನ ಬಟ್ಟೆಯ ಕೋಣೆ, ದೇವರ ಕೋಣೆಯ ಪಕ್ಕದ ಕೋಣೆ, ಇಂಥದ್ದು. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ದಪ್ಪ ಗೋಡೆ ಹೊರಗಿನ ಸದ್ದನ್ನು ತುಂಬಾ ತಡೆಯುತ್ತದೆ. ಅದು ನಮಗೆ ಸಿಕ್ಕಿದ ಭಾಗ್ಯ. ಸದ್ದು ನುಗ್ಗುವುದು ಬಾಗಿಲಿನ ಕೆಳಗಿನ ಸಂದಿನಿಂದ, ಕಿಟಿಕಿಯ ಸಂದಿನಿಂದ, ಗಾಳಿಗೆ ಬಿಟ್ಟ ತೂತಿನಿಂದ. ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಹಾಕಿ. ಗಾಳಿ ಹೋಗುವಲ್ಲೆಲ್ಲ ಸದ್ದೂ ಹೋಗುತ್ತದೆ.

ಈಗ ಮೊಟ್ಟೆ ಟ್ರೇ. ಸದ್ದು ಹೊರಗಿನಿಂದ ಬಾರದಂತೆ ತಡೆಯುವುದು ಒಂದು ಕೆಲಸ. ಕೋಣೆಯೊಳಗೆ ಸದ್ದು ಗೋಡೆಯಿಂದ ಗೋಡೆಗೆ ಚೆಂಡಿನಂತೆ ಪುಟಿಯುವುದನ್ನು ಕಡಿಮೆ ಮಾಡುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಭಾರ ಬೇಕು: ಕಲ್ಲು, ಕಾಂಕ್ರೀಟು, ದಪ್ಪ ಮರ. ಎರಡನೆಯದಕ್ಕೆ ದಪ್ಪಗಿನ, ನಾರಿನಂಥ, ಗಾಳಿ ಒಳಗೆ ಹೋಗಬಲ್ಲ ವಸ್ತು ಬೇಕು. ಮೊಟ್ಟೆ ಟ್ರೇಗೆ ಭಾರವೂ ಇಲ್ಲ, ದಪ್ಪವೂ ಇಲ್ಲ. ಎರಡೂ ಕೆಲಸಕ್ಕೆ ಬಾರದು. ತೇವ ಹಿಡಿಯುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ. ತೆಳು ಫೋಮ್ ಕೂಡ ಮೇಲಿನ ಸ್ವರಗಳನ್ನಷ್ಟೇ ಹೀರುತ್ತದೆ. ಮದ್ದಳೆಯ ತಗ್ಗಿನ ಗುಮ್ಮೆನ್ನುವ ನಾದ ಹಾಗೇ ಉಳಿದು ಕೋಣೆ ಮಂಕಾಗಿ ಕೇಳುತ್ತದೆ.

ಏನು ಮಾಡಬೇಕು ಹೇಳುತ್ತೇನೆ. ನಾಲ್ಕು ಇಂಚು ಅಗಲದ ಹಲಗೆಯಿಂದ ಚೌಕಟ್ಟು ಮಾಡಿಸಿ. ಅದರೊಳಗೆ ರಾಕ್‌ವೂಲ್ (ಕಲ್ಲಿನ ನಾರಿನ ದಪ್ಪ ಹಾಳೆ) ತುಂಬಿ, ಹತ್ತಿ ಬಟ್ಟೆ ಹೊದೆಸಿ ಬಿಗಿಯಾಗಿ ಹೊಡೆಸಿ. ರಾಕ್‌ವೂಲ್ ಮುಟ್ಟುವಾಗ ಕೈಗವಸು, ಮಾಸ್ಕ್ ಇರಲಿ, ಮೈ ತುರಿಸುತ್ತದೆ. ಇಂಥ ನಾಲ್ಕು ಅಥವಾ ಆರು ಚೌಕಟ್ಟು ಸಾಕು. ಗೋಡೆಗೆ ಒತ್ತಿ ಹೊಡೆಯಬೇಡಿ, ಎರಡು ಮೂರು ಇಂಚು ಬಿಟ್ಟು ತೂಗುಹಾಕಿ. ಹಿಂದೆ ಗಾಳಿಯ ಜಾಗ ಇದ್ದರೆ ತಗ್ಗಿನ ನಾದವನ್ನು ಇನ್ನೂ ಚೆನ್ನಾಗಿ ಹೀರುತ್ತದೆ. ನಮ್ಮ ಊರಿನ ಮಟ್ಟಿಗೆ ಇದರಿಂದ ಇನ್ನೊಂದು ಲಾಭ: ಗೋಡೆಯ ತೇವ ಬಟ್ಟೆಗೆ ಏರುವುದಿಲ್ಲ, ಗೆದ್ದಲಿಗೂ ಹತ್ತಲು ದಾರಿ ಸಿಗುವುದಿಲ್ಲ. ಚೌಕಟ್ಟು ನೆಲಕ್ಕೂ ತಾಗಬಾರದು. ಕೈ ಬಿಗಿ ಇದ್ದರೆ ಅಟ್ಟದಲ್ಲಿರುವ ಬೂರುಗದ ಹತ್ತಿಯ ಹಳೆ ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಹಾಡುವವರ ಬೆನ್ನ ಹಿಂದೆ ಒಂದು, ಬದಿಗೆ ಒಂದು ನಿಲ್ಲಿಸಿ. ನನ್ನ ಮೊದಲ ಮೂರು ವರ್ಷದ ರೆಕಾರ್ಡಿಂಗ್ ಎಲ್ಲ ಹಾಸಿಗೆಗಳ ನಡುವೆಯೇ ಆದದ್ದು. ಈಗ ಕೇಳಿದರೂ ಚೆನ್ನಾಗಿವೆ.

ಕೋಣೆ ಆದ ಮೇಲೆ ಕರೆಂಟು. ಇದನ್ನು ಯಾರೂ ಮೊದಲು ಕೇಳುವುದಿಲ್ಲ, ಆಮೇಲೆ ಎಲ್ಲರೂ ಕೇಳುತ್ತಾರೆ. ಹೆಡ್‌ಫೋನ್‌ನಲ್ಲಿ ಮ್ಮ್ಮ್ ಎಂದು ಒಂದು ಶ್ರುತಿ ಹಿಡಿದಂತೆ ಕೇಳುತ್ತಿದ್ದರೆ ಅದು ನಮ್ಮ ಕರೆಂಟಿನ 50 ಹರ್ಟ್ಸ್ ಮತ್ತು ಅದರ ಮೇಲಿನ ನಾದಗಳು. ಒಂದು ಸುಲಭ ಪರೀಕ್ಷೆ ಇದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಸದ್ದು ನಿಂತರೆ ತಪ್ಪು ಮೈಕಿನದಲ್ಲ, ಅರ್ತಿಂಗಿನದು. ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಗುಂಡಿ ಪರೀಕ್ಷೆ ಮಾಡಿಸಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಹೋಗುತ್ತದೆ, ಆಗ ಆ ಗುಂಡಿಗೆ ನೀರು ಹಾಕಬೇಕಾಗುತ್ತದೆ. ಎಲ್ಲ ಸಾಮಾನನ್ನೂ ಒಂದೇ ಮೂರು ಪಿನ್ನಿನ ಸ್ಪೈಕ್ ಬಾಕ್ಸಿನಿಂದ ನಡೆಸಿ. ಒಂದನ್ನು ಈ ಗೋಡೆಗೆ, ಇನ್ನೊಂದನ್ನು ಆ ಗೋಡೆಗೆ ಚುಚ್ಚಬೇಡಿ. ಮನೆಯ ಇನ್‌ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಕರೆಂಟು ಹೋದ ಕೂಡಲೇ ರೆಕಾರ್ಡಿಂಗಿನಲ್ಲಿ ಝರ್ರ್ ಎನ್ನುತ್ತದೆ. ಪ್ಯೂರ್ ಸೈನ್ ವೇವ್ ಆದರೆ ಆ ತೊಂದರೆ ಕಡಿಮೆ.

ತುಲಾವರ್ಷದ, ಅಂದರೆ ಹಿಂಗಾರು ಮಳೆಯ ಸಂಜೆಯ ಸಿಡಿಲು ನಿಮಗೆ ಗೊತ್ತೇ ಇದೆ. ಒಂದು ಅಕ್ಟೋಬರ್ ಸಂಜೆ ನಾನು ಪ್ಲಗ್ಗುಗಳನ್ನೆಲ್ಲ ಕಿತ್ತು ನೆಮ್ಮದಿಯಿಂದ ಕೂತಿದ್ದೆ. ಇಂಟರ್ನೆಟ್ಟಿನ ಕೇಬಲ್ ಮಾತ್ರ ಕಂಪ್ಯೂಟರಿಗೆ ಹಾಗೇ ಇತ್ತು. ಸಿಡಿಲು ಆ ದಾರಿಯಲ್ಲಿ ಬಂತು. ಮದರ್‌ಬೋರ್ಡ್ ಹೋಯಿತು, ಯುಎಸ್‌ಬಿಯಲ್ಲಿ ಅದಕ್ಕೆ ಸೇರಿಸಿದ್ದ ಇಂಟರ್‌ಫೇಸ್, ಅಂದರೆ ಮೈಕ್ ಚುಚ್ಚುವ ಪೆಟ್ಟಿಗೆ ಕೂಡ ಹೋಯಿತು. ಸ್ಪೈಕ್ ಬಾಕ್ಸಿನ ಸ್ವಿಚ್ ಆಫ್ ಮಾಡಿದರೆ ಸಾಲದು. ಎಲ್ಲ ತಂತಿಗಳನ್ನೂ ಗೋಡೆಯಿಂದ ಬಿಡಿಸಿ. ಮೊದಲ ಗುಡುಗು ಕೇಳುವಾಗಲೇ ಬಿಡಿಸಿ, ಸಿಡಿಲು ಹತ್ತಿರ ಬಂದ ಮೇಲೆ ತಂತಿ ಮುಟ್ಟಲು ಹೋಗಬೇಡಿ.

ಈಗ ಸಾಮಾನಿಗೆ ಬರೋಣ. ಹಣದಲ್ಲಿ ಹೆಚ್ಚು ಹೋಗಬೇಕಾದ್ದು ಇಂಟರ್‌ಫೇಸಿಗೆ. ಮೈಕಿನ ಸಿಗ್ನಲನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಬದಲಿಸುವ ಪೆಟ್ಟಿಗೆ ಅದು. ಒಬ್ಬರೇ ಹಾಡುವುದಾದರೆ ಎರಡು ಮೈಕಿನದ್ದು ಸಾಕಿತ್ತು. ತಾಳಮದ್ದಳೆ ಹಾಗಲ್ಲ. ಪದ್ಯವನ್ನು ಇವತ್ತು, ಮದ್ದಳೆಯನ್ನು ನಾಳೆ, ಅರ್ಥವನ್ನು ನಾಡಿದ್ದು ರೆಕಾರ್ಡ್ ಮಾಡಿ ಜೋಡಿಸಿದರೆ ಅದರ ಜೀವವೇ ಹೋಗುತ್ತದೆ. ಭಾಗವತರ ಕಣ್ಣು ಮದ್ದಳೆಯವರ ಮೇಲೆ ಇರಬೇಕು, ಅರ್ಥಧಾರಿಯ ಮಾತಿನ ಬಿಸಿ ನೋಡಿಯೇ ಮುಂದಿನ ಪದ್ಯ ಏಳಬೇಕು. ಆದ್ದರಿಂದ ನಾಲ್ಕು ಮೈಕ್ ಒಟ್ಟಿಗೆ ಹಿಡಿಯುವ ಇಂಟರ್‌ಫೇಸನ್ನೇ ತೆಗೆದುಕೊಳ್ಳಿ. ಈಗ ಎರಡರದ್ದು ತಂದು ಮುಂದೆ ಇನ್ನೊಂದು ಸೇರಿಸುತ್ತೇನೆ ಅಂದರೆ ವಿಂಡೋಸ್‌ನಲ್ಲಿ ಕಷ್ಟ. ಅಲ್ಲಿ ಇಂಟರ್‌ಫೇಸನ್ನು ನಡೆಸುವ ಆಸಿಯೊ ಡ್ರೈವರ್ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಪೆಟ್ಟಿಗೆಯನ್ನು ಒಪ್ಪುತ್ತದೆ. ಕೊಳ್ಳುವಾಗ ಹೆಸರಿನ ಅಂಕೆ ನೋಡಿ ಮೋಸ ಹೋಗಬೇಡಿ. ಫೋಕಸ್‌ರೈಟ್ ಸ್ಕಾರ್ಲೆಟ್ 4ಐ4ರ ಹೆಸರಲ್ಲಿ ನಾಲ್ಕು ಇದ್ದರೂ ಮೈಕಿನ ಮೆಲು ಸಿಗ್ನಲನ್ನು ಏರಿಸುವ ಪ್ರೀ-ಆಂಪ್ ಇರುವುದು ಎರಡೇ, ಉಳಿದೆರಡು ಮೈಕಿಗೆ ಆಗದ ಲೈನ್ ಇನ್‌ಪುಟ್. ಬೆಹ್ರಿಂಗರ್ ಯುಎಂಸಿ404ಎಚ್‌ಡಿಯಲ್ಲಿ ನಾಲ್ಕಕ್ಕೂ ಮೈಕ್ ಚುಚ್ಚಬಹುದು. ನಿಮ್ಮ ಕೆಲಸಕ್ಕೆ ಅಂಥದ್ದು ಬೇಕು.

ಮೈಕಿನಲ್ಲಿ ನನ್ನ ಸಲಹೆ ಸ್ಪಷ್ಟ. ಮಳೆಗಾಲದ ದುಡಿಮೆಗೆ ಡೈನಾಮಿಕ್ ಮೈಕ್. ಅದರಲ್ಲಿ ಇರುವುದು ಸುರುಳಿ ಮತ್ತು ಅಯಸ್ಕಾಂತ, ತೇವಕ್ಕೆ ಅಷ್ಟು ಬೇಗ ಬಗ್ಗುವುದಿಲ್ಲ. ಶೂರ್ ಕಂಪೆನಿಯ ಎಸ್‌ಎಂ58 ಬಂದದ್ದು 1966ರಲ್ಲಿ, ಇವತ್ತಿಗೂ ಅದೇ ರೂಪದಲ್ಲಿ ಮಾರುತ್ತಿದ್ದಾರೆ. ಚೆಂಡೆಗೆ ಒಂದು, ಮದ್ದಳೆಗೆ ಒಂದು, ಅರ್ಥಧಾರಿಗಳ ನಡುವೆ ಒಂದು ಡೈನಾಮಿಕ್ ಇಡಿ. ನಿಮ್ಮ ಕಂಡೆನ್ಸರ್ ಒಣಗಿ ಸರಿಯಾದರೆ ಅಪ್ಪನ ಸ್ವರಕ್ಕೆ ಅದನ್ನೇ ಇಡಿ. ಅದಕ್ಕೆ ಇಂಟರ್‌ಫೇಸಿನಿಂದ ಮೈಕ್ ಕೇಬಲಿನಲ್ಲೇ ಹೋಗುವ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು, ಕೇಬಲ್ ಚುಚ್ಚಿದ ಮೇಲೆ ಆ ಸ್ವಿಚ್ ಹಾಕಿ. ಮಾನಿಟರ್ ಸ್ಪೀಕರ್ ಈಗ ಬೇಡ. ಕಿವಿ ಪೂರ್ತಿ ಮುಚ್ಚುವ ಒಂದು ಒಳ್ಳೆಯ ಹೆಡ್‌ಫೋನ್ ಸಾಕು. ಸೋನಿ ಎಂಡಿಆರ್-7506 ನೂರಾರು ಸ್ಟುಡಿಯೊಗಳಲ್ಲಿ ಇರುವಂಥದ್ದು. ಅದರ ಕಿವಿಮೆತ್ತೆ ನಮ್ಮ ಹವೆಗೆ ಸುಲಿಯುತ್ತದೆ, ಆದರೆ ಮೆತ್ತೆ ಮಾತ್ರ ಬೇರೆ ಸಿಗುತ್ತದೆ. ಬ್ಲೂಟೂತ್ ಹೆಡ್‌ಫೋನ್ ಬೇಡ, ಸ್ವರ ತಡವಾಗಿ ಬರುತ್ತದೆ.

ಎಲ್ಲರನ್ನೂ ಕೂರಿಸುವುದರಲ್ಲೇ ಅರ್ಧ ಕೆಲಸ ಇದೆ. ನಮ್ಮ ತೆಂಕುತಿಟ್ಟು ಯಕ್ಷಗಾನದ ಚೆಂಡೆ ಒಂದೇ ಕೋಣೆಯಲ್ಲಿದ್ದರೆ ಎಲ್ಲ ಮೈಕಿಗೂ ನುಗ್ಗುತ್ತದೆ. ಚೆಂಡೆಯವರನ್ನು ಚಾವಡಿಯಲ್ಲಿ ಕೂರಿಸಿ, ಭಾಗವತರು ಒಳಗೆ. ನಡುವೆ ಒಂದು ಗಾಜಿನ ಕಿಟಿಕಿಯಿಂದ ಮುಖ ಕಾಣುವಂತೆ ನೋಡಿಕೊಳ್ಳಿ, ಇಬ್ಬರಿಗೂ ಹೆಡ್‌ಫೋನ್ ಕೊಡಿ. ಇಂಟರ್‌ಫೇಸಿನ ಒಂದು ಹೆಡ್‌ಫೋನ್ ತೂತನ್ನು ನಾಲ್ಕು ಮಾಡುವ ಚಿಕ್ಕ ಆಂಪ್ಲಿಫೈಯರ್ ಸಿಗುತ್ತದೆ. ಆ ಸೌಕರ್ಯ ಇಲ್ಲದಿದ್ದರೆ ಒಂದೇ ಕೋಣೆಯಲ್ಲಿ ಮಾಡಿ. ಕಾರ್ಡಿಯಾಯ್ಡ್ ಮೈಕ್, ಅಂದರೆ ಎದುರಿನ ಸದ್ದನ್ನೇ ಮುಖ್ಯವಾಗಿ ಹಿಡಿಯುವ ಬಗೆಯದು, ತನ್ನ ಬೆನ್ನ ಹಿಂದಿನ ಸದ್ದನ್ನು ಬಹಳ ಕಡಿಮೆ ಹಿಡಿಯುತ್ತದೆ. ಅಪ್ಪನ ಮೈಕಿನ ಬೆನ್ನು ನೇರ ಚೆಂಡೆಯ ಕಡೆ ಇರಲಿ. ಮೈಕು ಬಾಯಿಯಿಂದ ಒಂದು ಗೇಣು ದೂರ ಇದ್ದರೆ, ಪಕ್ಕದ ಮೈಕು ಅದರಿಂದ ಕಡಿಮೆ ಎಂದರೆ ಮೂರು ಗೇಣು ದೂರ ಇರಬೇಕು. ಇಲ್ಲದಿದ್ದರೆ ಎರಡೂ ಮೈಕು ಒಂದೇ ಸ್ವರವನ್ನು ಹಿಡಿದು, ಕೂಡಿಸುವಾಗ ಸ್ವರ ಟೊಳ್ಳಾಗುತ್ತದೆ. ಮಳೆಗೆ ಮದ್ದಳೆಯ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತಲೇ ಇರುತ್ತದೆ. ಪ್ರತಿ ನಾಲ್ಕೈದು ಪದ್ಯಕ್ಕೊಮ್ಮೆ ನಿಲ್ಲಿಸಿ ಶ್ರುತಿ ಸರಿ ಮಾಡಲು ಅವರಿಗೆ ಸಮಯ ಕೊಡಿ. ಕಂಪ್ಯೂಟರಿನಲ್ಲಿ ಆಮೇಲೆ ಸರಿ ಮಾಡುತ್ತೇನೆ ಎಂದುಕೊಳ್ಳಬೇಡಿ.

ಕಂಪ್ಯೂಟರಿನ ವಿಷಯ ಚಿಕ್ಕದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ ಮತ್ತು 8 ಜಿಬಿ ರ‍್ಯಾಮ್ ಇದ್ದರೆ ನಾಲ್ಕು ಟ್ರ್ಯಾಕಿಗೆ (ಮೈಕಿಗೊಂದರಂತೆ) ಧಾರಾಳ. ಸಾಫ್ಟ್‌ವೇರಿಗೆ ರೀಪರ್ ಹಾಕಿ. 60 ದಿನ ಪೂರ್ತಿ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಲೈಸೆನ್ಸಿಗೆ 60 ಡಾಲರ್. ಕದ್ದ ಸಾಫ್ಟ್‌ವೇರ್ ಹಾಕಬೇಡಿ, ಅದರ ಜೊತೆ ವೈರಸ್ಸೂ ಬರುತ್ತದೆ. ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಗಂಟೆಗೆ ಒಂದು ಟ್ರ್ಯಾಕಿಗೆ ಸುಮಾರು 520 ಎಂಬಿ ಬೇಕು. ನಾಲ್ಕು ಮೈಕಿನಲ್ಲಿ ಮೂರು ಗಂಟೆಯ ಪ್ರಸಂಗ ಅಂದರೆ ಸುಮಾರು 6 ಜಿಬಿ. ಗೇನ್, ಅಂದರೆ ಮೈಕಿನ ಸಿಗ್ನಲನ್ನು ಎಷ್ಟು ಏರಿಸಬೇಕು ಎಂದು ಇಡುವಾಗ ಅಪ್ಪನಿಗೆ ಜೋರು ದನಿಯ ಏರುಪದ್ಯ ಹಾಡಲು ಹೇಳಿ. ಆಗಲೂ ಮೀಟರ್ ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲೇ ಇರಲಿ. ಕೆಂಪು ದೀಪ ಹತ್ತಿದ ಸ್ವರವನ್ನು ಮತ್ತೆ ಸರಿ ಮಾಡಲಾಗುವುದಿಲ್ಲ. ಕಡಿಮೆ ಇದ್ದರೆ ಏರಿಸಬಹುದು, 24 ಬಿಟ್‌ನಲ್ಲಿ ಅದಕ್ಕೆ ಬೇಕಾದಷ್ಟು ಜಾಗ ಇದೆ.

ಹೆಡ್‌ಫೋನ್‌ನಲ್ಲಿ ಸ್ವರ ತಡವಾಗಿ ಕೇಳುತ್ತದೆ ಎಂದು ಹಲವರು ದೂರುತ್ತಾರೆ. ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು, ಅಂದರೆ ಬಫರ್, 1024 ಇದ್ದರೆ ಒಂದು ದಾರಿಗೇ 21 ಮಿಲಿಸೆಕೆಂಡು ಹಿಡಿಯುತ್ತದೆ. ಅಂಗಳದಲ್ಲಿ ಏಳು ಮೀಟರ್ ಆಚೆ ಕೂತ ಮದ್ದಳೆಗೆ ತಾಳ ಹಾಕಿದ ಹಾಗೆ. 128ಕ್ಕೆ ಇಳಿಸಿದರೆ ಮೂರು ಮಿಲಿಸೆಕೆಂಡಿಗೂ ಕಡಿಮೆ. ಆದರೆ ಇಂಟರ್‌ಫೇಸಿನ ಮೇಲೇ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಅಥವಾ ಮಿಕ್ಸ್ ಎಂಬ ತಿರುಗಿಸುವ ಗುಂಡಿ ಇರುತ್ತದೆ. ಅದನ್ನು ಬಳಸಿದರೆ ಸ್ವರ ಕಂಪ್ಯೂಟರಿಗೆ ಹೋಗುವ ಮೊದಲೇ ಕಿವಿಗೆ ಬರುತ್ತದೆ, ಬಫರಿನ ಚಿಂತೆಯೇ ಇಲ್ಲ. ರೆಕಾರ್ಡಿಂಗ್ ಹೊತ್ತಿಗೆ ವೈಫೈ ಆಫ್, ಅಪ್‌ಡೇಟ್ ಆಫ್, ಫ್ಯಾನ್ ಆಫ್, ಫ್ರಿಜ್ ಆಫ್. ತೋಟದಲ್ಲಿ ಬೋರ್ಡೋ ಮದ್ದು ಸಿಂಪಡಿಸುವ ಪಂಪು, ಹುಲ್ಲು ಕತ್ತರಿಸುವ ಮೆಷಿನ್ ಯಾವ ದಿನ ಎಂದು ನೆರೆಮನೆಯವರನ್ನೂ ಕೇಳಿಟ್ಟುಕೊಳ್ಳಿ. ಮಳೆ ನಿಂತ ಮೇಲೆ ರಾತ್ರಿ ಕಪ್ಪೆ, ಜೀರುಂಡೆ ಶುರು. ನನಗೆ ಅನುಭವದಲ್ಲಿ ಒಳ್ಳೆಯ ಹೊತ್ತು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದ ಊಟದ ತನಕ. ಶುರುವಿಗೆ ಮುಂಚೆ ಎಲ್ಲರೂ ಸುಮ್ನೆ ಕೂತು ಅರ್ಧ ನಿಮಿಷ ಖಾಲಿ ಕೋಣೆಯನ್ನೇ ರೆಕಾರ್ಡ್ ಮಾಡಿ. ಆಮೇಲೆ ಹಿನ್ನೆಲೆಯ ಸದ್ದು ತೆಗೆಯಲು ಆ ತುಣುಕು ಬೇಕಾಗುತ್ತದೆ. ತೆಗೆಯುವಾಗ ಸ್ವಲ್ಪವೇ ತೆಗೆಯಿರಿ. ಜಾಸ್ತಿ ಮಾಡಿದರೆ ಜಾಗಟೆಯ ಅನುರಣನೆಯೂ ಶ್ರುತಿಯ ನಾದವೂ ಅದರ ಜೊತೆಗೇ ಹೋಗುತ್ತವೆ. ಯೂಟ್ಯೂಬಿಗೆ ಹಾಕುವುದಾದರೆ ಒಟ್ಟು ಜೋರು ಮೈನಸ್ 14 ಎಲ್‌ಯುಎಫ್‌ಎಸ್ (ಜೋರನ್ನು ಅಳೆಯುವ ಒಂದು ಮಾನ) ಆಸುಪಾಸು ಸಾಕು, ಅದಕ್ಕಿಂತ ಏರಿಸಿದರೆ ಅವರೇ ತಗ್ಗಿಸುತ್ತಾರೆ.

ಇನ್ನು ವರ್ಷವಿಡೀ ಮಾಡಬೇಕಾದ್ದು. ಮಳೆಗಾಲದಲ್ಲಿ ಕೆಲಸ ಇರಲಿ ಇಲ್ಲದಿರಲಿ, ವಾರಕ್ಕೆ ಎರಡು ಸಲ ಲ್ಯಾಪ್‌ಟಾಪ್, ಇಂಟರ್‌ಫೇಸ್ ಎರಡನ್ನೂ ಅರ್ಧ ಗಂಟೆ ಚಾಲೂ ಇಡಿ. ಅವುಗಳ ಸ್ವಂತ ಬಿಸಿಯೇ ಒಳಗಿನ ತೇವ ಓಡಿಸುತ್ತದೆ. ಬೆಚ್ಚಗಿನ ಪೆಟ್ಟಿಗೆಯೊಳಗೆ ಸಣ್ಣ ಇರುವೆಗಳು ಮನೆ ಮಾಡುತ್ತವೆ, ಹಿಂದಿನ ತೂತುಗಳನ್ನು ನೋಡುತ್ತಿರಿ. ಮೈಕ್ ಕೇಬಲಿನ ತುದಿಯ ಎಕ್ಸ್‌ಎಲ್‌ಆರ್ ಪಿನ್ನುಗಳು ಕಪ್ಪಾದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಕೇಬಲನ್ನು ಮೊಣಕೈಗೆ ಸುತ್ತಬೇಡಿ, ಒಳಗಿನ ಎಳೆ ತಿರುಚುತ್ತದೆ. ಅಗಲವಾಗಿ, ಹಗ್ಗದ ಸಿಂಬಿಯಂತೆ ಸಡಿಲಾಗಿ ಸುತ್ತಿ.

ಕೊನೆಯದಾಗಿ ಹಾರ್ಡ್ ಡಿಸ್ಕ್. ಇದನ್ನು ನಾನು ನೋವಿನಿಂದ ಬರೆಯುತ್ತಿದ್ದೇನೆ. ನಮ್ಮ ನೆರೆಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಮದುವೆಯ ಶೋಭಾನೆ ಹಾಡುಗಳು ಅವರಿಗೆ ಗಂಟೆಗಟ್ಟಲೆ ಬಾಯಿಪಾಠ. ಎರಡು ಮಧ್ಯಾಹ್ನ ಕೂರಿಸಿ ಹಾಡಿಸಿದ್ದೆ. ಫೈಲು ಒಂದೇ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇತ್ತು. ಒಂದು ಮಳೆಗಾಲ ಕಪಾಟಿನಲ್ಲಿ ಇಟ್ಟು ತೆಗೆದಾಗ ಅದು ತಿರುಗಲೇ ಇಲ್ಲ. ಅಷ್ಟು ಹೊತ್ತಿಗೆ ಅಜ್ಜಿಯೂ ಇರಲಿಲ್ಲ. ಆಮೇಲಿನಿಂದ ಪ್ರತಿಯೊಂದು ರೆಕಾರ್ಡಿಂಗೂ ನನ್ನಲ್ಲಿ ಮೂರು ಕಡೆ ಇದೆ: ಲ್ಯಾಪ್‌ಟಾಪಿನಲ್ಲಿ ಒಂದು, ಮೈಕಿನ ಒಣ ಡಬ್ಬಿಯಲ್ಲೇ ಇರುವ ಹಾರ್ಡ್ ಡಿಸ್ಕಿನಲ್ಲಿ ಒಂದು, ಮಂಗಳೂರಿನಲ್ಲಿರುವ ತಂಗಿಯ ಮನೆಯಲ್ಲಿ ಇನ್ನೊಂದು. ನೀವೂ ರೆಕಾರ್ಡ್ ಮಾಡಿದ ದಿನ ರಾತ್ರಿ ಮಲಗುವ ಮೊದಲು ಎರಡನೆಯ ಪ್ರತಿ ಮಾಡಿ. ಫೈಲಿನ ಹೆಸರಿನಲ್ಲಿ ತಾರೀಕು, ಊರು, ಪ್ರಸಂಗ ಇರಲಿ. ಶುರುವಿನಲ್ಲಿ ಯಾರು ಯಾರಿದ್ದಾರೆ, ಶ್ರುತಿ ಯಾವುದು ಎಂದು ಅಪ್ಪನ ಬಾಯಿಯಿಂದಲೇ ಹೇಳಿಸಿ. ಹತ್ತು ವರ್ಷದ ಮೇಲೆ ಕೇಳುವವರಿಗೆ ಅದು ಬೇಕು.

ಹಣದ ಲೆಕ್ಕ ಹೀಗೆ ಹಂಚಿ: ಇಂಟರ್‌ಫೇಸ್, ಮೈಕುಗಳು, ಸ್ಟ್ಯಾಂಡ್, ಕೇಬಲಿಗೆ ಮೂರರಲ್ಲಿ ಎರಡು ಪಾಲು. ಉಳಿದ ಒಂದು ಪಾಲಿನಲ್ಲಿ ಚೌಕಟ್ಟು, ಅರ್ತಿಂಗ್, ಹೆಡ್‌ಫೋನ್, ಒಣ ಡಬ್ಬಿ, ಹಾರ್ಡ್ ಡಿಸ್ಕ್. ಸಾಲದೆ ಹೋದರೆ ಒಂದು ಮೈಕ್ ಕಡಿಮೆ ಮಾಡಿ, ಅರ್ತಿಂಗ್ ಕಡಿಮೆ ಮಾಡಬೇಡಿ. ಎಲ್ಲ ಬರುವ ತನಕ ಕಾಯಲೂ ಬೇಡಿ. ಈ ಭಾನುವಾರವೇ ಕೆಳಗಿನ ಕೋಣೆಯಲ್ಲಿ ಎರಡು ಹಾಸಿಗೆ ನಿಲ್ಲಿಸಿ, ಅಪ್ಪನ ನಾಲ್ಕು ಪದ್ಯಗಳನ್ನು ಫೋನಿನಲ್ಲಾದರೂ ರೆಕಾರ್ಡ್ ಮಾಡಿ. ಅದಕ್ಕೆ ಮೊದಲು ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಹಿಂದಿನಿಂದ ಟ್ರ್ರ್ ಎಂದು ಮರುದನಿ ಬಂದರೆ ಎದುರುಬದುರು ಗೋಡೆಗಳು ಬರಿದಾಗಿವೆ ಎಂದರ್ಥ. ಆ ಚಪ್ಪಾಳೆಯನ್ನೂ ಫೋನಿನಲ್ಲಿ ಹಿಡಿದು, ಕೋಣೆಯ ಉದ್ದ ಅಗಲ ಎತ್ತರ ಬರೆದು ನನಗೆ ಕಳುಹಿಸಿ. ಮೊದಲ ಚೌಕಟ್ಟನ್ನು ಯಾವ ಗೋಡೆಗೆ ತೂಗುಹಾಕಬೇಕು ಎಂದು ಹೇಳುತ್ತೇನೆ.